ಗಡಿಯಿಂದ ಬಂದ ಕ್ಯಾಸೆಟ್ಟು

ನಮ್ಮನೆಯವರು ಮಿಲಿಟರಿ ಬಿಟ್ಟು ಕಾಯಂ ಆಗಿ ಊರಿಗೆ ಬಂದ ದಿನ ಅವರನ್ನು ಕರೆತರಲು ರೋಣದ ಬಸ್ ಸ್ಟ್ಯಾಂಡಿಗೆ ಮಾವ ಒಬ್ಬರೇ ಹೋಗಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಇವರು ಹೆಗಲ ಮೇಲೆ ಕಬ್ಬಿಣದ ಟ್ರಂಕು ಹೊತ್ತು ಮುಂದೆ ಬರುತ್ತಿದ್ದರು. ಹಿಂದಿನಿಂದ ಮಾವ, "ನಿಂದ್ರೋ, ನಾನೂ ಒಂದ್ ಕಡೆ ಹಿಡೀತೀನಿ" ಎಂದು ಮತ್ತೆ ಮತ್ತೆ ಕೂಗುತ್ತಿದ್ದರು. ಇವರು ತಿರುಗಿಯೂ ನೋಡಲಿಲ್ಲ. ಮಗನಿಗೆ ಯಾವುದೋ ಸಿಟ್ಟು ಎಂದುಕೊಂಡು ಮಾವ ಸುಮ್ಮನಾದರು. ಸಿಟ್ಟೇನೂ ಇರಲಿಲ್ಲ, ಕಿವಿ ಕೇಳುತ್ತಿರಲಿಲ್ಲ. ಪುಣೆಯ ಮಿಲಿಟರಿ ದವಾಖಾನೆಯಿಂದ ಬರೆದಾಗ, ಸ್ವಲ್ಪ ಗಾಯವಾಗಿತ್ತು, ಈಗ ಆರಾಮ ಇದ್ದೇನೆ ಎಂದಷ್ಟೇ ತಿಳಿಸಿದ್ದರು.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನಮ್ಮದು ಪಿಂಜಾರರ ಮನೆ. ಮಾವ ಹತ್ತಿ ಹಿಂಜಿ ಗಾದಿ ಹೊಲಿದು ಕೊಡುತ್ತಿದ್ದರು. ರಸ್ತೆಯ ಕಡೆಗೆ ಹಿಂಜುವ ಯಂತ್ರ, ಅದರ ಹಿಂದೆ ನಾವಿರುವ ಎರಡು ಖೋಲಿ. ಮನೆಯ ಯಾವ ಮೂಲೆಯಲ್ಲಿ ಕೂತರೂ ತಲೆಗೂದಲಿಗೆ ಹತ್ತಿಯ ಎಳೆ ಅಂಟುತ್ತಿತ್ತು. ನಾನು ಜಕ್ಕಲಿಯವಳು, ಪಿಯುಸಿ ಮುಗಿಸಿ ಈ ಮನೆಗೆ ಬಂದವಳು. ಮದುವೆಯಾದ ಮೇಲೆ ಗಂಡನನ್ನು ನೋಡಿದ್ದು ಎರಡೇ ಸಲ, ರಜೆಗೆ ಬಂದಾಗ. ಆಗ ಅವರು ಬಾಯಿ ಮುಚ್ಚದೆ ಮಾತಾಡುವ ಮನುಷ್ಯ. ಊಟಕ್ಕೆ ಕೂತರೆ ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಮೂವರನ್ನು ನಗಿಸುತ್ತಿದ್ದರು. ಆ ಮನುಷ್ಯ ಬರುತ್ತಾರೆಂದು ಕಾಯುತ್ತಿದ್ದವಳ ಎದುರಿಗೆ ಬಂದು ಕೂತವರು ಬೇರೆ ಯಾರೋ ಆಗಿದ್ದರು. ನಾನು ಏನು ಹೇಳಿದರೂ ನನ್ನ ಕಣ್ಣು ನೋಡದೆ ತುಟಿಯನ್ನೇ ನೋಡುತ್ತಿದ್ದರು.

ಟ್ರಂಕಿನಲ್ಲಿ ಎರಡು ಕಂಬಳಿ, ಬಟ್ಟೆಬರೆ, ನನಗೊಂದು ಸ್ವೆಟರು, ತಳದಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್ಟು. ಬಂದ ಮರುದಿನ ಮುಂಜಾನೆಯೇ ಅವರು ಮಾವನ ಟೇಪ್ ರೆಕಾರ್ಡರ್ ತೆಗೆದುಕೊಂಡು ಹೋಗಿ ಹಿತ್ತಲಿನ ಕಟ್ಟೆಯ ಮೇಲೆ ಇಟ್ಟರು. ನಾನು ಪುಂಡಿಪಲ್ಯ ಸೋಸುತ್ತಿದ್ದೆ. ಮೊದಲು ಚರ್ಚಿನ ಗಂಟೆಯಂಥ ಸದ್ದು ನಿಧಾನವಾಗಿ ಬಂತು. ಆಮೇಲೆ ಒಮ್ಮೆಲೇ ಏನೋ ಕುಸಿದು ಬಿದ್ದಂತಾಯಿತು. ಹಿಂಜುವ ಯಂತ್ರದ ಪಟ್ಟಾ ಹರಿದು ಚಕ್ರ ಹುಚ್ಚು ಹಿಡಿದು ತಿರುಗುತ್ತಿದೆ ಎಂದುಕೊಂಡು ನಾನು ಮುಂದಿನ ಕಡೆಗೆ ಓಡಿದೆ. ಯಂತ್ರ ಬಂದ್ ಇತ್ತು. ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹಿತ್ತಲಿನಿಂದ ಒಬ್ಬ ಗಂಡಸು ಕೊರಳು ಹರಿಯುವ ಹಾಗೆ ಇಂಗ್ಲಿಷಿನಲ್ಲಿ ಕೂಗುತ್ತಿದ್ದ. ಅವನ ಹಿಂದೆ ಡ್ರಮ್ಮು ಉಸಿರು ಬಿಡದೆ ಬಡಿಯುತ್ತಿತ್ತು, ಗಿಟಾರು ಗರಗಸದ ಹಾಗೆ ಕೊಯ್ಯುತ್ತಿತ್ತು.

ನಮ್ಮನೆಯವರು ಆ ಡಬ್ಬಿಗೆ ಕಿವಿ ಹಚ್ಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಊರಿಗೆ ಬಂದ ಮೇಲೆ ಅವರ ಹಣೆಯ ಗೆರೆಗಳು ಸಡಿಲಾದದ್ದನ್ನು ಅಲ್ಲಿಯೇ ಮೊದಲು ಕಂಡೆ.

ಕ್ಯಾಸೆಟ್ಟಿನ ಹೊದಿಕೆಯ ಚಿತ್ರ ನೋಡಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪಾದ್ರಿಯ ನಿಲುವಂಗಿ ತೊಟ್ಟ ಎಲುಬಿನ ಹಂದರ, ತಲೆಯ ಮೇಲೆ ಸಿಪಾಯಿಯ ಟೊಪ್ಪಿಗೆ. ಒಂದು ಕೈಯಲ್ಲಿ ಶಿಲುಬೆ, ಇನ್ನೊಂದು ಕೈಯಲ್ಲಿ ಬಂದೂಕು. ಅದರ ಕಾಲ ಬುಡದಲ್ಲಿ ಸಾಲಾಗಿ ಮಂಡಿಯೂರಿದ ಸಿಪಾಯಿಗಳು. ಅವರಿಗೆ ಮುಖವೇ ಇರಲಿಲ್ಲ.

"ಇದು ಜಿನ್ನಿನ ಕೆಲಸ. ನನ್ನ ಮಗನ ಮೈಯಾಗ ಏನೋ ಹೊಕ್ಕೊಂಡು ಬಂದೈತಿ" ಎಂದು ಅತ್ತೆ ಅಳುತ್ತಾ ದರ್ಗಾಕ್ಕೆ ಹೋಗಿ ತಾಯಿತ ತಂದರು. ಇವರು ಅದನ್ನು ಬೇಡ ಅನ್ನದೆ ಕಟ್ಟಿಸಿಕೊಂಡರು. ಕಟ್ಟಿಸಿಕೊಂಡು ಮತ್ತೆ ಕ್ಯಾಸೆಟ್ ಹಚ್ಚಿದರು.

ಕೆಲವು ದಿನಗಳಾದ ಮೇಲೆ ನಾನೇ ಅವರ ಬಲಗಿವಿಗೆ ಬಾಯಿ ಇಟ್ಟು ಕೇಳಿದೆ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಜೋರಾಗಿ ಹೇಳಿದರೆ ಅಷ್ಟಿಷ್ಟು ಕೇಳುತ್ತಿತ್ತು. "ಏನ್ರಿ ಇದು? ಇದನ್ನ ಯಾಕ ಕೇಳ್ತೀರಿ?"

"ನನ್ನ ಕಿವ್ಯಾಗ ಗುಂಯ್ ಅಂತೈತಿ. ಹಗಲಿ ರಾತ್ರಿ. ಒಂದ್ ನಿಮಿಷ ಬಿಡಂಗಿಲ್ಲ" ಅಂದರು. "ಬ್ಯಾರೆ ಯಾವ ಹಾಡ ಹಚ್ಚಿದ್ರೂ ಅದರ ಮ್ಯಾಲ ಗುಂಯ್ ಅನ್ನೂದ ಕೇಳಸ್ತೈತಿ. ಇದನ್ನ ಹಚ್ಚಿದ್ರ ಮಾತ್ರ ಮುಚ್ಚಿ ಹೊಕ್ಕೈತಿ. ಇದು ಹಾಡೋ ಏನೋ, ನನಗ ಬೇಕಾಗಿಲ್ಲ. ನನಗ ಇದು ಔಷಧ."

ನನಗೆ ಅಷ್ಟು ಸಾಕಾಯಿತು. ಓಣಿಗೆ ಸಾಕಾಗಲಿಲ್ಲ.

ಮೊದಲು ಜಮಾತಿನ ಇಬ್ಬರು ಹಿರಿಯರು ಬಂದು ಮಾವನ ಯಂತ್ರದ ಪಕ್ಕದಲ್ಲಿ ಕೂತರು. ಸಿಪಾಯಿಯಾಗಿ ದೇಶದ ಸೇವೆ ಮಾಡಿ ಬಂದವನು, ಅವನ ಬಗ್ಗೆ ನಮಗೆ ಅಭಿಮಾನ ಇದೆ, ಆದರೆ ಸೈತಾನನ ಹಾಡು ನಮಾಜಿನ ಹೊತ್ತಿಗೆ ಮಸೀದಿಯವರೆಗೆ ಕೇಳಬಾರದು ಎಂದು ಮೆತ್ತಗೆ ಹೇಳಿ ಚಹಾ ಕುಡಿದು ಹೋದರು. ಅದೇ ವಾರ ಹಿಂದಿನ ಓಣಿಯ, ಹಣೆಗೆ ಕುಂಕುಮ ಹಚ್ಚಿದ ನಾಲ್ಕೈದು ಹುಡುಗರು ಬಂದರು. ಆ ದಿನಗಳಲ್ಲಿ ಸುತ್ತಲಿನ ಊರುಗಳಲ್ಲೆಲ್ಲ ಹವಾ ಸರಿ ಇರಲಿಲ್ಲ. ಮಾತಿಗೆ ಮಾತು ಬೆಳೆಯಲು ಒಂದು ನೆವ ಸಾಕಾಗಿತ್ತು.

"ಚಾಚಾ, ನಿಮ್ಮ ಮನಿಯಾಗ ದೇವರಿಗೆ ಬೈಯೂ ಹಾಡ ಹಚ್ಚತಾರಂತ. ಯಾವ ದೇವರಿಗೆ ಬೈತಾರ, ಹೇಳ್ರಿ ನೋಡೂಣು" ಎಂದು ಅವರಲ್ಲಿ ಎತ್ತರದವನು ಕೇಳಿದ.

ಒಳಗಿನಿಂದ ನಾನು ಹೊದಿಕೆಯನ್ನು ತಂದು ಕೊಟ್ಟೆ. ಹುಡುಗರು ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ, ಹಿಂದೆ ಮುಂದೆ ತಿರುವಿ ನೋಡಿದರು.

"ಇದು ಕ್ರಾಸ್ ಐತಲ್ಲೋ" ಅಂದ ಒಬ್ಬ.

"ಹೌದಪ್ಪ" ಅಂದೆ.

"ಹಂಗಾದ್ರ ನಮ್ಮದಲ್ಲ ಬಿಡು" ಎಂದು ಅದನ್ನು ನನ್ನ ಕೈಗೆ ವಾಪಸು ಕೊಟ್ಟ. ಬರುವಾಗ ಇದ್ದ ಬಿಸಿ ಇಳಿದು ಅವರು ತಮ್ಮ ತಮ್ಮಲ್ಲೇ ಏನೋ ನಗಾಡುತ್ತಾ ಹೋದರು. ನಮಗೆ ನಗು ಬರಲಿಲ್ಲ. ಮಾವ ಅರ್ಧ ಹೊಲಿದ ಗಾದಿಯ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ನೋಡಿದರು. ಮೂರು ಸಲ ನೋಡಿದರೂ ದಾರ ಹೋಗಲಿಲ್ಲ. ನಾನು ಪೋಣಿಸಿ ಕೊಟ್ಟೆ.

ಸಂಜೆ ಅವರು ಮಗನ ಎದುರಿಗೆ ಕೂತು, ಅವನಿಗೆ ಕೇಳಲಿ ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದರು. "ಈ ಊರಾಗ ಎಲ್ಲಾರ ಮನಿ ಗಾದಿ ಹೊಲದೀನಪ್ಪ. ಯಾರ ಕೂಡಾನೂ ಒಂದ್ ಮಾತ ಬಂದಿಲ್ಲ. ನಿನಗ ಕೈ ಮುಗೀತೀನಿ, ಈ ಕ್ಯಾಸೆಟ್ ಈ ಮನಿಯಾಗ ಬ್ಯಾಡ."

ಇವರು ಅಪ್ಪನ ತುಟಿಯನ್ನು ಕೊನೆಯವರೆಗೂ ನೋಡಿದರು. "ಆತಪ್ಪ. ನಾವ ಹೊಕ್ಕೀವಿ" ಅಂದರು.

ಗಜೇಂದ್ರಗಡದ ಗುಡ್ಡದ ಮೇಲೆ ಆಗ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ದೊಡ್ಡ ಫ್ಯಾನುಗಳನ್ನು ನಿಲ್ಲಿಸುತ್ತಿದ್ದರು. ಕಾವಲಿಗೆ ಮಾಜಿ ಸಿಪಾಯಿಗಳೇ ಬೇಕಾಗಿದ್ದರು. ಕಾವಲುಗಾರನಿಗೆ ಕಿವಿ ಮಂದ ಎಂಬುದನ್ನು ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ನೇಕಾರರ ಓಣಿಯಲ್ಲಿ ಒಂದು ಖೋಲಿ ಸಿಕ್ಕಿತು. ಎಡಕ್ಕೂ ಬಲಕ್ಕೂ ಮಗ್ಗ. ಬೆಳಗಾದರೆ ಖಟ್ ಖಟ್ ಎಂದು ಶುರುವಾದ ಸದ್ದು ದೀಪ ಹಚ್ಚುವವರೆಗೆ ನಿಲ್ಲುತ್ತಿರಲಿಲ್ಲ. ಆ ಸದ್ದಿನೊಳಗೆ ನಮ್ಮ ಕ್ಯಾಸೆಟ್ಟಿನ ಸದ್ದು ಯಾರಿಗೂ ದೊಡ್ಡದೆನ್ನಿಸಲಿಲ್ಲ. "ನಿಮ್ಮ ಯಜಮಾನ್ರು ಭಾಳ ಜೋರ್ ಹಾಡ ಕೇಳ್ತಾರವ್ವ" ಎಂದು ಪಕ್ಕದ ಮನೆಯ ನೇಕಾರರ ಹೆಂಗಸು ಒಂದು ಸಲ ಅಂದದ್ದು ಬಿಟ್ಟರೆ ಬೇರೆ ಮಾತು ಬರಲಿಲ್ಲ.

ಅಲ್ಲಿಗೆ ಹೋದ ಮೇಲೆ ಅವರು ಸ್ವಲ್ಪ ಸ್ವಲ್ಪವಾಗಿ ಬಾಯಿ ಬಿಟ್ಟರು. ಮಧ್ಯಾಹ್ನ ನಾನು ಬುತ್ತಿ ತೆಗೆದುಕೊಂಡು ಗುಡ್ಡ ಹತ್ತುತ್ತಿದ್ದೆ. ಫ್ಯಾನಿನ ಕಂಬದ ನೆರಳಲ್ಲಿ ಕೂತು ಉಣ್ಣುತ್ತಾ, ಕೇಳದೇ ಇದ್ದರೂ ತಾವಾಗಿಯೇ ಹೇಳುತ್ತಿದ್ದರು.

ಕ್ಯಾಸೆಟ್ಟು ಅವರ ದೋಸ್ತನದು. ಈಶಾನ್ಯದ ಗುಡ್ಡಗಾಡಿನವನು, ಕ್ರಿಶ್ಚಿಯನ್, ಅಪ್ಪ ಚರ್ಚಿನ ಪಾದ್ರಿ. ಇವರಿಬ್ಬರೂ ಇದ್ದ ತುಕಡಿಯ ಕೆಲಸ ನೆಲದಲ್ಲಿ ಬಾಂಬು ಹೂಳುವುದು. ಯುದ್ಧ ಆಗೇ ಆಗುತ್ತದೆ ಎಂದು ಇಡೀ ಸೈನ್ಯವನ್ನು ಗಡಿಗೆ ಕಳಿಸಿದ ವರ್ಷ ಅದು. ಗಡಿಯ ರೈತರ ಗೋದಿ, ಸಾಸಿವೆ ಬೆಳೆದು ನಿಂತ ಹೊಲಗಳಲ್ಲಿ ಇವರು ಬಾಂಬು ಹೂಳಿದರು. "ಕಾಳು ಬಿತ್ತಿದಂಗ ಸಾಲ ಹಿಡದು ಹೂಳತಿದ್ವಿ" ಎಂದು ಹೇಳುವಾಗ ಇವರು ರೊಟ್ಟಿ ಹಿಡಿದ ಕೈಯಿಂದಲೇ ಸಾಲು ತೋರಿಸಿದರು. ಯುದ್ಧ ಆಗಲಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ, ಹೂಳಿದ್ದನ್ನೆಲ್ಲ ತೆಗೆಯಿರಿ ಎಂದು ಹುಕುಂ ಬಂತು. ಅಷ್ಟರಲ್ಲಿ ಮಳೆ ಬಂದು ಮಣ್ಣು ಸರಿದಿತ್ತು. ಇಟ್ಟ ಜಾಗದಲ್ಲಿ ಬಾಂಬು ಇರಲಿಲ್ಲ.

"ಊರಾಗ ಎಲ್ಲಾರೂ ಯಾವ ಯುದ್ಧದಾಗ ಗಾಯ ಆತು ಅಂತ ಕೇಳ್ತಾರ. ಏನ ಹೇಳಲಿ? ಆಗದ ಯುದ್ಧದಾಗ ಆತು ಅನ್ನಲೇನು?" ಅಂದರು ಒಂದು ದಿನ.

ದೋಸ್ತ ದಿನಾಲೂ ಮಲಗುವ ಮೊದಲು ವಾಕ್‌ಮನ್ನಿನಲ್ಲಿ ಆ ಹಾಡು ಕೇಳುತ್ತಿದ್ದನಂತೆ. ಇವರು, ಇದೆಂಥ ಗದ್ದಲ ಎಂದು ಚಾಷ್ಟಿ ಮಾಡುತ್ತಿದ್ದರಂತೆ. ಅವನು ಒಂದೊಂದೇ ಸಾಲಿನ ಅರ್ಥವನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದ್ದ. ಒಂದು ಹಾಡಿನಲ್ಲಿ ಎರಡೂ ಕಡೆಯ ಸೇನಾಪತಿಗಳು ಯುದ್ಧಕ್ಕೆ ಮೊದಲು ಒಬ್ಬನೇ ದೇವರನ್ನು ಬೇಡಿಕೊಳ್ಳುತ್ತಾರೆ. ದೇವರು ಕಿವಿ ಮುಚ್ಚಿಕೊಂಡು ಕೂತಿರುತ್ತಾನೆ. ಇನ್ನೊಂದರಲ್ಲಿ ಸತ್ತ ಸಿಪಾಯಿಗಳು ಎದ್ದು ಬಂದು, ಬಂದೂಕಿಗೆ ಮಂತ್ರ ಹಾಕಿ ಆಶೀರ್ವಾದ ಮಾಡಿದ ಪಾದ್ರಿಯ ಮನೆ ಬಾಗಿಲು ಬಡಿಯುತ್ತಾರೆ.

"ನಿಮ್ಮಪ್ಪನೂ ಪಾದ್ರಿ, ಇದನ್ನ ಹೆಂಗ ಕೇಳ್ತಿ ಅಂದೆ" ಎಂದರು ಇವರು. "ಅದಕ್ಕ ಕೇಳ್ತೀನಿ ಅಂದ. ಭಾಳ ನಕ್ಕ. ಆದ್ರ ಉಣ್ಣೂ ಮುಂದ ಕಣ್ಣ ಮುಚ್ಚಿ ಒಂದ್ ಮಾತ ಅಂದ್ಕೊಂಡ ಉಣ್ಣತಿದ್ದ. ಅದನ್ನ ಬಿಡಲಿಲ್ಲ."

ಅವನು ಸತ್ತದ್ದನ್ನು ಅವರು ಒಂದೇ ಸಲ ಹೇಳಿದರು. ಇಬ್ಬರೂ ಒಂದೇ ಹೊಲದಲ್ಲಿದ್ದರು. ಅವನು ಮುಂದೆ, ಇವರು ಸ್ವಲ್ಪ ಹಿಂದೆ ಬಲಕ್ಕೆ. ಅವನ ಕಾಲ ಕೆಳಗಿನ ಬಾಂಬು ಸಿಡಿಯಿತು. ಇವರು ಬಿದ್ದು ಎದ್ದು ನೋಡಿದಾಗ ಅವನು ಮಣ್ಣಿನ ಮೇಲೆ ಕೂತಂತೆ ಒರಗಿಕೊಂಡಿದ್ದ. ಒಂದು ಕಾಲು ಇರಲಿಲ್ಲ. ಇವರತ್ತ ನೋಡಿ ಮಾತಾಡುತ್ತಿದ್ದ. ಬಾಯಿ ಆಡುತ್ತಿತ್ತು, ಇವರಿಗೆ ಒಂದು ಅಕ್ಷರವೂ ಕೇಳಿಸಲಿಲ್ಲ.

"ಓಡಿ ಹೋಗಬೇಕಿತ್ತು" ಅಂದರು. "ಓಡೂ ಹಂಗಿಲ್ಲ. ನಡುವ ಇನ್ನೂ ಎಷ್ಟ ಅದಾವೋ ಗೊತ್ತಿಲ್ಲ. ಸಲಾಕಿಯಿಂದ ಮಣ್ಣ ಚುಚ್ಚಿ ಚುಚ್ಚಿ ನೋಡ್ಕೋತ ಹೋಗಬೇಕು. ನನಗ ಕಲಿಸಿದ್ದ ಹಂಗ. ಹಂಗ ಹೋದೆ. ನಾ ಮುಟ್ಟೂದ್ರಾಗ ಅವನ ಬಾಯಿ ನಿಂತಿತ್ತು."

ಬುತ್ತಿಯ ಡಬ್ಬಿ ಮುಚ್ಚಿ ನನ್ನ ಕೈಗೆ ಕೊಟ್ಟು ಅವರು ಎದ್ದು ಕಂಬದ ಆಚೆಗೆ ಹೋದರು.

ಇದ್ದ ಬಲಗಿವಿಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಹುಬ್ಬಳ್ಳಿಯ ಕಿವಿಯ ಡಾಕ್ಟರು ವಾರಕ್ಕೊಮ್ಮೆ ನರಗುಂದಕ್ಕೆ ಬರುತ್ತಾರೆ ಎಂದು ಕೇಳಿ ಕರೆದುಕೊಂಡು ಹೋದೆ. ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು, ಹೆಡ್‌ಫೋನು ಹಾಕಿ ಸದ್ದು ಕೇಳಿಸಿ ಪರೀಕ್ಷೆ ಮಾಡಿದರು. ಮನೆಯಲ್ಲಿ ಜೋರು ಸದ್ದು ಏನಾದರೂ ಇದೆಯಾ ಎಂದು ನನ್ನನ್ನು ಕೇಳಿದರು. ನಾನು ಕ್ಯಾಸೆಟ್ಟಿನ ಸಂಗತಿ ಹೇಳಿದೆ.

"ತಕ್ಷಣ ನಿಲ್ಲಿಸಬೇಕಮ್ಮ. ಉಳಿದಿರೋ ಕಿವಿಯನ್ನ ಅದೇ ತಿಂತಾ ಇದೆ" ಅಂದರು.

"ನಿಲ್ಲಿಸಿದ್ರ ಗುಂಯ್ ಅನ್ನೂದು ತಡಕೊಳ್ಳಾಕ ಆಗಂಗಿಲ್ಲಂತಾರ್ರಿ. ಕಿವಿ ಪೂರ್ತಿ ಹೋದ್ರ ಅದೂ ಹೊಕ್ಕೈತೇನ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಲ್ಲ. ಹೊರಗಿನ ಸದ್ದು ಹೋಗುತ್ತೆ. ಒಳಗಿನದು ಹೋಗಲ್ಲ."

ಇವರು ನಮ್ಮಿಬ್ಬರ ತುಟಿಗಳನ್ನು ನೋಡುತ್ತಿದ್ದರು. ಡಾಕ್ಟರು ಬೇಗ ಬೇಗ ಮಾತಾಡಿದ್ದರಿಂದ ಇವರಿಗೆ ತಿಳಿದಿರಲಿಲ್ಲ. ಬಸ್ಸಿನಲ್ಲಿ, "ಏನಂದ್ರು?" ಎಂದು ಕೇಳಿದರು. ತುಂಬಿದ ಬಸ್ಸಿನಲ್ಲಿ ಅದನ್ನು ಕೂಗಿ ಹೇಳುವುದು ಹೇಗೆ? ಕಂಡಕ್ಟರನಿಗೆ ಏನೋ ನೆವ ಹೇಳಿ, ರೋಣ ಇನ್ನೂ ದೂರ ಇರುವಾಗಲೇ ಒಂದು ಹೊಲದ ಬಳಿ ಬಸ್ಸು ನಿಲ್ಲಿಸಿ ಇಳಿಸಿಕೊಂಡೆ. ಕಡಲೆ ಕಿತ್ತು ಖಾಲಿಯಾದ ಎರಿಭೂಮಿ, ಕಣ್ಣು ಹಾಯಿಸಿದಷ್ಟು ದೂರ ಯಾರೂ ಇರಲಿಲ್ಲ. ಬದುವಿನ ಮೇಲೆ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಅವರ ಕಿವಿಯಲ್ಲಿ ಕೂಗಿ ಹೇಳಿದೆ. ಕೊನೆಯ ಮಾತು ಅರ್ಥವಾಗಲಿಲ್ಲವೆಂದು ಅವರು ಮತ್ತೊಮ್ಮೆ ಹೇಳಲು ಸನ್ನೆ ಮಾಡಿದರು. ಮತ್ತೊಮ್ಮೆ ಹೇಳಿದೆ.

ಅವರು ಬದುವಿನ ಮೇಲೆ ಕೂತು ಒಂದು ಹೆಂಟೆಯನ್ನು ಎತ್ತಿ ಕೈಯಲ್ಲಿ ಪುಡಿ ಮಾಡಿದರು. "ಹಂಗಾದ್ರ ಇರೂ ತನಕ ಕೇಳತೀನಿ" ಅಂದರು. "ನೀ ಬ್ಯಾಡ ಅಂದ್ರ ಬಿಡತೀನಿ."

ನಾನು ಬೇಡ ಅನ್ನಲಿಲ್ಲ. ಅವರ ಕಿವಿಯೊಳಗೆ ಏನಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ತಡೆದುಕೋ ಎಂದು ಯಾವ ಬಾಯಿಂದ ಹೇಳಲಿ? ಮುಂದಿನ ಬಸ್ಸು ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.

ಇದಾಗಿ ಬಹಳ ದಿನಗಳ ಮೇಲೆ ನನ್ನ ಮೊಬೈಲಿಗೆ ಒಂದು ಫೋನು ಬಂತು. ಹೆಣ್ಣಿನ ದನಿ, ಹಿಂದಿ. ತಾನು ಆ ದೋಸ್ತನ ತಂಗಿ, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸು, ಅಣ್ಣನ ಜೊತೆಗಿದ್ದ ಇನ್ನೊಬ್ಬ ಸಿಪಾಯಿಯಿಂದ ನಂಬರು ಸಿಕ್ಕಿತು, ನಿಮ್ಮ ಗಂಡನನ್ನು ಒಮ್ಮೆ ನೋಡಬೇಕು ಎಂದಳು. ಇವರಿಗೆ ಹೇಳಿದೆ. ಅಂದು ಅವರು ಊಟ ಮಾಡಲಿಲ್ಲ.

ರವಿವಾರ ಬಂದಳು. ಸಣ್ಣ ಮೈಯ ಹುಡುಗಿ, ಕೈಯಲ್ಲಿ ಬ್ರೆಡ್ಡು ಬಾಳೆಹಣ್ಣಿನ ಚೀಲ. ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಯವರೆಗೆ ಜನ ಅವಳನ್ನು ನೇಪಾಳದವಳು ಎಂದು ನಿಂತು ನಿಂತು ನೋಡಿದರು. ನಾನು ಚುರಮರಿ ಒಗ್ಗರಣೆ, ಮಿರ್ಚಿ ಮಾಡಿದ್ದೆ. ಅವಳು ಖಾರಕ್ಕೆ ಕಣ್ಣೀರು ಒರೆಸಿಕೊಳ್ಳುತ್ತಾ, ತಮ್ಮ ಕಡೆ ಇದಕ್ಕಿಂತ ಖಾರ ತಿನ್ನುತ್ತೇವೆ, ಅಭ್ಯಾಸ ತಪ್ಪಿದೆ ಎಂದು ಹೇಳಿದಳು. ಅವಳಿಗೂ ನನಗೂ ಹಿಂದಿ ಅಷ್ಟಕ್ಕಷ್ಟೆ. ನಮ್ಮ ಮನೆಮಾತು ಕನ್ನಡ, ಹಿಂದಿ ಟೀವಿಯಿಂದ ಬಂದದ್ದು. ಆದರೂ ನಡೆಯಿತು.

ಇವರು ಕ್ಯಾಸೆಟ್ ತಂದು ಅವಳ ಕೈಯಲ್ಲಿಟ್ಟರು. ಅವಳು ಹೊದಿಕೆಯ ಮೂಲೆಯಲ್ಲಿ ಪೆನ್ನಿನಿಂದ ಗೀಚಿದ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದಳು. "ನಾನು ಗೀಚಿದ್ದು. ಚಿಕ್ಕವಳಿದ್ದಾಗ. ಅಣ್ಣ ಹೊಡೆದಿದ್ದ" ಎಂದಳು.

ಹಚ್ಚಲು ಹೇಳಿದಳು. ಹಚ್ಚಿದೆ. ಅವಳು ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಬೆರಳು ಬಡಿಯುತ್ತಾ, ಆ ಕೂಗಿನ ಜೊತೆಗೇ ಎಲ್ಲ ಸಾಲುಗಳನ್ನು ಬಾಯಿಯಲ್ಲೇ ಗುನುಗಿದಳು. ಒಂದೂ ಸಾಲು ತಪ್ಪಲಿಲ್ಲ. ಇದನ್ನು ಥ್ರ್ಯಾಶ್ ಮೆಟಲ್ ಅನ್ನುತ್ತಾರೆ, ನಮ್ಮ ಊರಿನ ಹುಡುಗರೆಲ್ಲ ಇದನ್ನೇ ಕೇಳುತ್ತಾರೆ, ಭಾನುವಾರ ಅದೇ ಹುಡುಗರು ಚರ್ಚಿನಲ್ಲಿ ಗಿಟಾರು ನುಡಿಸುತ್ತಾರೆ ಎಂದು ಹೇಳಿ ನಕ್ಕಳು. ಅಣ್ಣ ಮಾತ್ರ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದ. ಅದಕ್ಕೆ ಅಪ್ಪ ಅವನ ಬೇರೆಲ್ಲ ಕ್ಯಾಸೆಟ್ಟುಗಳನ್ನು ಅಂಗಳದಲ್ಲಿ ಹಾಕಿ ಸುಟ್ಟಿದ್ದರು. ಆ ಸಿಟ್ಟಿನಲ್ಲಿ ಅಣ್ಣ ಮಿಲಿಟರಿ ಸೇರಿದ್ದ.

ಒಂದು ಬದಿ ಮುಗಿದು ಟೇಪು ಟಕ್ಕೆಂದು ನಿಂತಿತು. ಅವಳು ನನ್ನ ಕಡೆ ತಿರುಗಿದಳು.

"ಅಪ್ಪನಿಗೆ ಈಗ ಹುಷಾರಿಲ್ಲ. ಮಗ ನರಕದಲ್ಲಿದ್ದಾನೆ ಅಂತ ಹಗಲೂ ರಾತ್ರಿ ಅದೇ ಯೋಚನೆ. ಕೊನೆಗೆ ಪ್ರಾರ್ಥನೆ ಮಾಡಿದನಾ ಅಂತ ಕೇಳಿಕೊಂಡು ಬಾ ಅಂದಿದ್ದಾರೆ. ಕೊನೆಗೆ ಅಣ್ಣ ಏನು ಅಂದ? ಇವರನ್ನ ಕೇಳ್ತೀರಾ?"

ನನಗೆ ಉತ್ತರ ಗೊತ್ತಿತ್ತು. ಆದರೂ ಅದು ನಾನು ಹೇಳುವ ಉತ್ತರವಾಗಿರಲಿಲ್ಲ. ಇವರ ಕಿವಿಯ ಹತ್ತಿರ ಹೋಗಿ ಕೂಗಿದೆ. "ಆಕಿ ಅಣ್ಣ ಕಡೀಕ ಏನಂದ ಅಂತ ಕೇಳಾಕತ್ತಾಳ್ರಿ!" ಕೇಳಿಸಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಪಕ್ಕದ ಮನೆಯ ಮಗ್ಗ ನಿಂತುಹೋಯಿತು.

ಇವರು ಬಹಳ ಹೊತ್ತು ಅವಳ ಮುಖ ನೋಡಿದರು. ಸುಳ್ಳು ಹೇಳಿಬಿಡಲಿ, ಪ್ರಾರ್ಥನೆ ಮಾಡಿದ ಅಂದುಬಿಡಲಿ ಎಂದು ನನ್ನ ಮನಸ್ಸು ಬೇಡುತ್ತಿತ್ತು.

"ಬಾಯಿ ಆಡುತ್ತಿತ್ತು" ಎಂದು ಅವರು ಹಿಂದಿಯಲ್ಲಿ ಹೇಳಿದರು. "ನನಗೆ ಕೇಳಲಿಲ್ಲ. ನನ್ನ ಕಿವಿ ಆಗಲೇ ಹೋಗಿತ್ತು."

ಹುಡುಗಿ ಅಳಲಿಲ್ಲ. "ಬಾಯಿ ಹೇಗೆ ಆಡಿತು, ಮಾಡಿ ತೋರಿಸ್ತಾರಾ?" ಎಂದು ಕೇಳಿದಳು. ನಾನು ಕೈಸನ್ನೆಯಿಂದ ಇವರಿಗೆ ತಿಳಿಸಿದೆ. ಇವರು ತಡಮಾಡದೆ, ದನಿಯಿಲ್ಲದೆ ತುಟಿಗಳನ್ನು ಆಡಿಸಿ ತೋರಿಸಿದರು. ಅದನ್ನು ನೋಡಿದಾಗಲೇ ನನಗೆ ತಿಳಿದದ್ದು, ಇಷ್ಟು ವರ್ಷ ಅವರು ದಿನಾಲೂ ಅದನ್ನು ಒಳಗೊಳಗೇ ಆಡಿಸಿ ನೋಡುತ್ತಿದ್ದರು ಎಂದು. ಮೇಲಿನ ತುಟಿ ಎಲ್ಲಿ ಕೂಡಿತು, ಹಲ್ಲು ಎಲ್ಲಿ ಕಂಡಿತು, ಎಲ್ಲವೂ ಅವರಿಗೆ ಬಾಯಿಪಾಠವಾಗಿತ್ತು.

"ಇದು ಹಿಂದಿ ಅಲ್ಲ. ಇಂಗ್ಲಿಷೂ ಅಲ್ಲ" ಎಂದಳು ಹುಡುಗಿ. "ನಮ್ಮ ಭಾಷೆ ಇರಬೇಕು."

ಆಮೇಲೆ ನಡೆದದ್ದನ್ನು ನಾನು ಗೋಡೆಗೆ ಒರಗಿ ನಿಂತು ನೋಡಿದೆ. ಅವಳು ಇವರ ಎದುರಿಗೆ ಹತ್ತಿರ ಕೂತು, ದನಿ ತೆಗೆಯದೆ, ತನ್ನ ಭಾಷೆಯ ಒಂದೊಂದೇ ಮಾತನ್ನು ತುಟಿಯಲ್ಲಿ ಆಡಿದಳು. ಇವರು ನೋಡಿ ತಲೆಯಾಡಿಸುತ್ತಿದ್ದರು. ಅಲ್ಲ. ಇನ್ನೊಂದು. ಅಲ್ಲ. ಪ್ರಾರ್ಥನೆಯ ಮಾತುಗಳೇ ಮೊದಲು ಬಂದವು ಎಂದು ಅವಳು ಆಮೇಲೆ ಹೇಳಿದಳು. ದೇವರ ಹೆಸರು, ಕ್ಷಮಿಸು, ಕಾಪಾಡು. ಆಮೇಲೆ ನೀರು, ಅಮ್ಮ. ತನ್ನ ಹೆಸರನ್ನೂ ಆಡಿ ನೋಡಿದಳಂತೆ. ಇವರು ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದರು. ಕೊನೆಗೆ ಅವಳು ಸೋತು ಕೈ ಚೆಲ್ಲಿ ಕೂತಳು. ಹಾಗೆ ಕೂತವಳು ಏನೋ ನೆನಪಾದವಳಂತೆ ತಲೆಯೆತ್ತಿ ಒಂದು ಮಾತು ಆಡಿದಳು. ಇವರು ಅವಳ ಮೊಣಕೈ ಹಿಡಿದುಕೊಂಡು, "ಮತ್ತೊಮ್ಮೆ" ಎಂದರು. ಅವಳು ಮತ್ತೊಮ್ಮೆ ಆಡಿದಳು.

"ಇದೇ ಇರಬಹುದು" ಎಂದರು.

ಹುಡುಗಿ ಎದ್ದು ಹಿಂದಿನ ಬಾಗಿಲಿಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು.

ಹೊರಡುವಾಗ ಇವರು ಕ್ಯಾಸೆಟ್ಟನ್ನು ಅವಳ ಚೀಲದಲ್ಲಿಟ್ಟರು. ಅವಳು ಬೇಡ ಅಂದಳು. ಇವರು ಕೇಳಲಿಲ್ಲ. "ನನಗ ಈಗ ಇದರಾಗ ಡ್ರಮ್ಮಿನ ಸಪ್ಪಳ ಬಿಟ್ರ ಏನೂ ಸಿಗವಲ್ದು. ಆಕಿ ಒಯ್ಯಲಿ" ಎಂದು ನನಗೆ ಹೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ನಾನು ತಡೆಯಲಾರದೆ ಕೇಳಿದೆ. ಆ ಮಾತು ಯಾವುದು?

"ಬರಬೇಡ, ಅಲ್ಲೇ ಇರು" ಅಂದಳು. "ನಮ್ಮ ಮನೆಯ ಹಿಂದೆ ಕಣಿವೆ ಇದೆ. ಚಿಕ್ಕವರಿದ್ದಾಗ ಅಂಚಿಗೆ ಹೋದರೆ ಅಮ್ಮ ಹಾಗೆ ಕೂಗುತ್ತಿದ್ದಳು. ಅಣ್ಣನೂ ನನಗೆ ಹಾಗೇ ಕೂಗುತ್ತಿದ್ದ." ಬಸ್ಸು ಬರುವ ದಾರಿ ನೋಡುತ್ತಾ, "ಅಪ್ಪನಿಗೆ ಪ್ರಾರ್ಥನೆ ಮಾಡಿದ ಅಂತಲೇ ಹೇಳ್ತೀನಿ" ಎಂದಳು. ಹುಬ್ಬಳ್ಳಿಯ ಬಸ್ಸು ಬಂತು. ಅವಳು ಹತ್ತಿದಳು.

ಮನೆಗೆ ಬರುವವರೆಗೂ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಓಡಿ ಹೋಗಲಿಲ್ಲ ಎಂದು ಕೊರಗುವ ಮನುಷ್ಯನಿಗೆ, ಬರಬೇಡ ಅಂದಿದ್ದ ಎಂದು ಹೇಳಿದರೆ ಅರ್ಧ ಭಾರವಾದರೂ ಇಳಿಯುತ್ತದೆ ಎಂದುಕೊಂಡಿದ್ದೆ. ಬಾಗಿಲು ಹಾಕಿ, ಅವರ ಕಿವಿಯಲ್ಲಿ ಹೇಳಿದೆ.

"ಇರಬಹುದು" ಅಂದರು. "ಇಲ್ಲದಿರಬಹುದು. ಹತ್ತು ಮಾತಿಗೆ ತುಟಿ ಒಂದ ಥರ ಆಡ್ತೈತಿ, ನನಗ ಗೊತ್ತಿಲ್ಲೇನು? ಆಕಿ ನನ್ನ ಮಾರಿ ನೋಡಿ ಹೇಳಿರಬೇಕು. ಚಲೋ ಹುಡುಗಿ."

ಆ ವರ್ಷ ಮಳೆಗಾಲದ ಕೊನೆಗೆ ಮಲಪ್ರಭೆ ಉಕ್ಕಿ ಹೊಳೆಆಲೂರು, ಮೆಣಸಗಿ ಕಡೆಯೆಲ್ಲ ನೀರು ನುಗ್ಗಿತು. ಮನೆ ಕಳೆದುಕೊಂಡವರಿಗಾಗಿ ಮಾವ ಗಾದಿ ಹೊಲಿಯುತ್ತಿದ್ದರು. ಕೈ ಸಾಲದೆ ನಾವಿಬ್ಬರೂ ರೋಣಕ್ಕೆ ಹೋಗಿದ್ದೆವು. ಅಪ್ಪ ಮಗ ಎದುರು ಬದುರು ಕೂತು ಸೂಜಿ ಹಾಕುತ್ತಿದ್ದರು. ಇವರ ಬಲಗಿವಿ ಆಗ ಪೂರ್ತಿ ಹೋಗಿತ್ತು. ಯಂತ್ರ ನಡೆದಿದೆಯೋ ನಿಂತಿದೆಯೋ ಎಂಬುದನ್ನು ಅವರು ಪಟ್ಟಾ ನೋಡಿ ತಿಳಿಯುತ್ತಿದ್ದರು. ಒಳಗಿನ ಗುಂಯ್ ಸದ್ದು ಮಾತ್ರ ಡಾಕ್ಟರು ಹೇಳಿದ ಹಾಗೆಯೇ ಉಳಿದಿತ್ತು. ಮಾವ ಈಗ ಮಗನಿಗೆ ಏನಾದರೂ ಹೇಳಬೇಕಾದರೆ ಕೂಗುವುದನ್ನು ಬಿಟ್ಟು, ಮೊಣಕಾಲು ಮುಟ್ಟಿ, ಅವನು ತಲೆಯೆತ್ತಿದ ಮೇಲೆ ನಿಧಾನವಾಗಿ ತುಟಿ ಆಡಿಸುತ್ತಿದ್ದರು.

ಅಲ್ಲಿದ್ದಾಗಲೇ ಹುಡುಗಿಯ ಫೋನು ಬಂತು. ಅವಳು ಊರಿಗೆ ಹೋಗಿ ಬಂದಿದ್ದಳು. ಅಪ್ಪನನ್ನು ಮಣ್ಣು ಮಾಡಿ ಬಂದಿದ್ದಳು.

"ಪ್ರಾರ್ಥನೆ ಮಾಡಿದ ಅಂತ ಹೇಳಿದೆ, ಅಕ್ಕ. ಅಪ್ಪ ನಂಬಲಿಲ್ಲ" ಎಂದಳು. "ನನ್ನ ಮಗ ಅಂಥವನಲ್ಲ, ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ ಅಂದರು. ಆಮೇಲೆ ನಿಜ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಅವರಿಗೆ ಮಾತು ತಿಳಿಯೋದು ನಿಂತುಹೋಗಿತ್ತು."

ಸಂಜೆ ಉಣ್ಣಲು ಕೂತಾಗ ಇವರಿಗೆ ಅದನ್ನು ತುಟಿಯಲ್ಲೇ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೊನೆಯವರೆಗೂ ನನ್ನ ತುಟಿ ನೋಡಿದರು.

"ಆಕಿ ಬಂದು ಹೋದ ಮ್ಯಾಲರ ನಾವ ಒಮ್ಮೆ ಆ ಊರಿಗೆ ಹೋಗಬೇಕಿತ್ತು" ಅಂದರು. "ಅವರಪ್ಪನ ಎದುರಿಗೆ ಕುಂತು ಬಾಯಿ ಆಡಿಸಿ ತೋರಿಸಬೇಕಿತ್ತು. ಅವರಿಗಾದ್ರೂ ಮಗನ ಮಾತ ತಿಳೀತಿತ್ತು."

ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಅವರು ಬೇಡ ಎಂದು ಕೈ ಅಡ್ಡ ಹಿಡಿದರು. ಆ ಗುಡ್ಡದ ಊರು ಎಲ್ಲಿದೆ, ಅಲ್ಲಿಗೆ ಯಾವ ರೈಲು ಹೋಗುತ್ತದೆ ಎಂದು ಆಮೇಲೆ ಎಷ್ಟೋ ಸಲ ವಿಚಾರಿಸಿದೆವು. ಹೋಗಲು ಮಾತ್ರ ಆಗಲಿಲ್ಲ.